ಒಂದು ಇಂಚು ಎಂಟು ಸೆಂಟ್ ಎಂದರೆ 1.8 ಅಲ್ಲ

ಪಿಯುಸಿ ಮುಗಿಸಿ ಪರಿಸರ ವಿಜ್ಞಾನಕ್ಕೆ ಸೇರಿದ್ದೀರಿ, ಗಣಿತ ಅಷ್ಟಕ್ಕಷ್ಟೆ, ಕಾಲೇಜು ಶುರುವಾಗಲು ಎರಡು ತಿಂಗಳಿದೆ, ಅಷ್ಟರಲ್ಲಿ ಜಿಐಎಸ್ (ಕಂಪ್ಯೂಟರಿನಲ್ಲಿ ನಕ್ಷೆ ಮಾಡುವ) ಕೋರ್ಸ್ ಮಾಡಲೋ ಇಂಗ್ಲಿಷ್ ಸುಧಾರಿಸಿಕೊಳ್ಳಲೋ ಎಂದು ಸೋಮವಾರಪೇಟೆಯಿಂದ ಕೇಳಿದ್ದೀರಿ. ನಾನೂ ಇದೇ ಗೊಂದಲದಲ್ಲಿ ಸೇರಿದವ. ಸದ್ಯಕ್ಕೆ ಎರಡೂ ಬೇಡ. ನನ್ನ ಪ್ರಾಜೆಕ್ಟ್ ಕೆಟ್ಟದ್ದು ಸಾಫ್ಟ್‌ವೇರ್ ಬಾರದೆ ಅಲ್ಲ, ಇಂಗ್ಲಿಷ್ ಬಾರದೆಯೂ ಅಲ್ಲ. ಒಂದು ಸೊನ್ನೆಯಿಂದ.

ನಮ್ಮ ಕೊಡಗಿನ ಕಾಫಿ ತೋಟಗಳಲ್ಲಿ ಮಳೆ ಪುಸ್ತಕ ಇಡುವುದು ನಿಮಗೆ ಗೊತ್ತೇ ಇರುತ್ತದೆ. ಬೆಳಿಗ್ಗೆ ರೈಟರ್, ಅಂದರೆ ತೋಟದ ಗುಮಾಸ್ತರು, ರೈನ್ ಗೇಜ್ (ಮಳೆಮಾಪಕ) ನೋಡಿ ಇಂಚು-ಸೆಂಟ್ ಲೆಕ್ಕದಲ್ಲಿ ಬರೆಯುತ್ತಾರೆ. ಭಾಗಮಂಡಲದಲ್ಲಿ ಸುರಿದ ಮಳೆ ಕುಶಾಲನಗರದ ಲೆಕ್ಕಕ್ಕೆ ಬರುವುದಿಲ್ಲ. ಗುಡ್ಡ ದಾಟಿದರೆ ಮಳೆಯೇ ಬೇರೆ. ಅದಕ್ಕೇ ಆ ಪುಸ್ತಕಗಳಿಗೆ ಅಷ್ಟು ಬೆಲೆ. ಅಂಥ ಒಂದು ತೋಟದ ಮಾರ್ಚ್‌ನಿಂದ ಮೇವರೆಗಿನ ಪುಟಗಳನ್ನು ಹಿಡಿದು, ಹೂಮಳೆಯ (ಕಾಫಿ ಹೂವರಳಿಸುವ ಬೇಸಿಗೆ ಮಳೆಯ) ಕಾಲದಲ್ಲಿ ಮಳೆ ಬಿದ್ದ ದಿನಗಳು ಹೆಚ್ಚುತ್ತಿವೆಯೇ ಎಂದು ನೋಡುವುದು ನನ್ನ ಪ್ರಾಜೆಕ್ಟ್.

ಐದು ಸೆಂಟ್ ಮಳೆಯನ್ನು ಹಳೆಯ ರೈಟರ್ 0-05 ಎಂದು ಬರೆಯುತ್ತಿದ್ದರು. ಅವರ ಜಾಗಕ್ಕೆ ಬಂದವರು 0-5 ಎಂದು ಬರೆದರು. ಇಬ್ಬರೂ ಸರಿಯೇ: ಗೆರೆಯ ಎಡಕ್ಕೆ ಇಂಚು, ಬಲಕ್ಕೆ ಸೆಂಟ್, ನೂರು ಸೆಂಟ್‌ಗೆ ಒಂದು ಇಂಚು. ನಾನು ಆ ಗೆರೆಯನ್ನು ದಶಾಂಶ ಬಿಂದು ಎಂದುಕೊಂಡು ಟೈಪ್ ಮಾಡುತ್ತಾ ಹೋದೆ. 0-05 ಎಂಬುದು 0.05 ಆಗಿ ಸರಿಯಾಗಿಯೇ ಕೂತಿತು. 0-5 ಮಾತ್ರ 0.5 ಆಯಿತು. 1.27 ಮಿ.ಮೀ. ಮಳೆ 12.7 ಮಿ.ಮೀ. ಆಯಿತು. 1-8 ಎಂದರೆ 1.08 ಇಂಚು, 27.4 ಮಿ.ಮೀ.; ನನ್ನ ಶೀಟಿನಲ್ಲಿ ಅದು 1.8 ಇಂಚು, 45.7 ಮಿ.ಮೀ. ನೂರು ಸೆಂಟ್‌ಗೆ ಒಂದು ಎಕರೆ ಎನ್ನುವ ಜಾಗದ ವಿಷಯದಲ್ಲಾದರೆ ನಾವ್ಯಾರೂ ಹೀಗೆ ತಪ್ಪುವುದಿಲ್ಲ. ಎರಡು ಎಕರೆ ಐದು ಸೆಂಟನ್ನು ಎರಡೂವರೆ ಎಕರೆ ಎಂದು ಯಾರಾದರೂ ಹೇಳಿದರೆ ಮನೆಯ ಮಕ್ಕಳೇ ತಿದ್ದುತ್ತಾರೆ. ಅದೇ ಸೆಂಟ್ ಪುಸ್ತಕದಲ್ಲಿ ಕಂಡಾಗ ನಾನು ಯೋಚಿಸಲಿಲ್ಲ.

ತಪ್ಪು ಕಣ್ಣಿಗೆ ಬೀಳಲಿಲ್ಲ ಏಕೆಂದರೆ ಅದು ಸೆಂಟ್ 1ರಿಂದ 9 ಇರುವ ದಿನಗಳನ್ನು ಮಾತ್ರ ಹಿಡಿಯುತ್ತದೆ. 10ರಿಂದ 99ರವರೆಗೆ ತಾನಾಗಿಯೇ ಸರಿ. ಕಕ್ಕಡದಲ್ಲಿ (ಜುಲೈ-ಆಗಸ್ಟ್‌ನ ಜೋರು ಮಳೆಯ ತಿಂಗಳು) ದಿನಕ್ಕೆ ನಾಲ್ಕೈದು ಇಂಚು ಹೊಯ್ಯುವಾಗ ಅರ್ಧ ಇಂಚಿನ ವ್ಯತ್ಯಾಸ ಯಾರಿಗೆ ಕಾಣುತ್ತದೆ? ಬೇಸಿಗೆಯಲ್ಲಿ ಮಾತ್ರ ಅದು ಎಲ್ಲವನ್ನೂ ಬುಡಮೇಲು ಮಾಡುತ್ತದೆ. ಭಾರತೀಯ ಹವಾಮಾನ ಇಲಾಖೆಯ ಲೆಕ್ಕದಲ್ಲಿ 2.5 ಮಿ.ಮೀ. ಅಥವಾ ಹೆಚ್ಚು ಬಿದ್ದರೆ ಮಾತ್ರ ಅದು ‘ಮಳೆ ದಿನ’. ಒಂಬತ್ತು ಸೆಂಟ್ ಎಂದರೆ 2.29 ಮಿ.ಮೀ., ಮಳೆ ದಿನವಲ್ಲ. ನನ್ನ ತಪ್ಪಿನಲ್ಲಿ ಒಂದೇ ಸೆಂಟ್ ಬಿದ್ದ ದಿನವೂ 0.1 ಇಂಚಾಗಿ, 2.54 ಮಿ.ಮೀ. ಆಗಿ ಆ ಮಿತಿ ದಾಟಿತು. ಅಂದರೆ ಹನಿ ಹಾಕಿ ಹೋದ ಪ್ರತಿ ದಿನವೂ, ಒಂದನ್ನೂ ಬಿಡದೆ, ಮಳೆ ದಿನವಾಯಿತು. ಅದೂ ಹೊಸ ರೈಟರ್ ಬಂದ ವರ್ಷದಿಂದ. ಗ್ರಾಫ್ ಏರಿತು. ನಾನು ಅದಕ್ಕೆ ಹವಾಮಾನ ಬದಲಾವಣೆಯ ವಿವರಣೆ ಬರೆದೆ. ಬದಲಾದದ್ದು ಕೈಬರಹ.

ವೈವಾದಲ್ಲಿ (ಮೌಖಿಕ ಪರೀಕ್ಷೆಯಲ್ಲಿ) ಪರೀಕ್ಷಕರು ಏಪ್ರಿಲ್‌ನ ಯಾವುದಾದರೂ ಒಂದು ದಿನದ ಮೂಲ ದಾಖಲೆ ತೋರಿಸಿ ಎಂದರು. ಪುಟಗಳ ಫೋಟೊ ತೆಗೆದಿರಲಿಲ್ಲ. ಶೀಟಿನಿಂದ ಹಿಂದಕ್ಕೆ ಲೆಕ್ಕ ಹಾಕೋಣವೆಂದರೆ 0-1 ಕೂಡ 0.1, 0-10 ಕೂಡ 0.1, ಯಾವುದು ಯಾವುದೆಂದು ದೇವರಿಗೂ ಗೊತ್ತಾಗದು. ಎಲ್ಲವನ್ನೂ ಪುಸ್ತಕದಿಂದ ಮತ್ತೆ ಬರೆದೆ. ಒಂದು ಸೆಮಿಸ್ಟರ್ ಹೋಯಿತು.

ಆದ್ದರಿಂದ ಮೊದಲ ಕೆಲಸ: ಪರಿಚಯದ ತೋಟದಲ್ಲಿ ಕೇಳಿ, ಒಂದು ವರ್ಷದ ಮಳೆ ಪುಸ್ತಕದ ಪ್ರತಿ ಪುಟದ ಫೋಟೊ ತೆಗೆದುಕೊಳ್ಳಿ. ಶೀಟಿನಲ್ಲಿ ದಿನಾಂಕ, ಇಂಚು, ಸೆಂಟ್, ಮಿ.ಮೀ., ಷರಾ ಎಂದು ಐದು ಕಾಲಂ ಮಾಡಿ. ಇಂಚು, ಸೆಂಟ್ ಬೇರೆ ಬೇರೆ ಕಾಲಂನಲ್ಲೇ ಇರಲಿ. 1-8 ಎಂದು ಒಂದೇ ಕಡೆ ಟೈಪ್ ಮಾಡಿದರೆ ಎಕ್ಸೆಲ್ ಅದನ್ನು ತಾರೀಖು ಮಾಡಿಬಿಡುತ್ತದೆ. ಸೆಂಟನ್ನು 100ರಿಂದ ಭಾಗಿಸಿ, ಇಂಚಿಗೆ ಕೂಡಿ, 25.4ರಿಂದ ಗುಣಿಸಿದರೆ ಮಿ.ಮೀ. ಬಂತು. ನಂತರ ಅಂಕಿಗಳನ್ನು ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿ. ಸಣ್ಣ ಮಳೆ ಸಾಮಾನ್ಯವಾಗಿ ದೊಡ್ಡ ಮಳೆಗಿಂತ ಹೆಚ್ಚು ಸಲ ಬೀಳುತ್ತದೆ. ಹಾಗಿದ್ದೂ ಇಡೀ ವರ್ಷದಲ್ಲಿ ಸೊನ್ನೆಗೂ ಹತ್ತು ಸೆಂಟ್‌ಗೂ ನಡುವೆ ಒಂದು ಅಂಕಿಯೂ ಇಲ್ಲದಿದ್ದರೆ, ತಪ್ಪು ನಿಮ್ಮ ಟೈಪಿಂಗ್‌ನಲ್ಲಿದೆ ಅಥವಾ ಬರೆದವರ ರೂಢಿಯಲ್ಲಿದೆ. ನಾನು ಈ ಐದು ನಿಮಿಷದ ಕೆಲಸ ಮಾಡಿದ್ದರೆ ಸಾಕಿತ್ತು.

ಖಾಲಿ ಬಿಟ್ಟ ಜಾಗಕ್ಕೆ ಸೊನ್ನೆ ತುಂಬಬೇಡಿ. ಭಾನುವಾರ ಖಾಲಿಯಿದ್ದು ಸೋಮವಾರ ದೊಡ್ಡ ಅಂಕಿಯಿದ್ದರೆ ಅದು ಎರಡು ದಿನದ ಮಳೆ ಇರಬಹುದು. ಷರಾ ಕಾಲಂ ಇರುವುದೇ ಇದಕ್ಕೆ. ಇಲಾಖೆಯವರ ದಿನ ಬೆಳಿಗ್ಗೆ 8.30ಕ್ಕೆ ಮುಗಿಯುತ್ತದೆ, ಹಿಂದಿನ 24 ಗಂಟೆಯ ಮಳೆ ಆ ತಾರೀಖಿಗೆ ಸೇರುತ್ತದೆ. ತೋಟದವರು ಎಷ್ಟು ಹೊತ್ತಿಗೆ ನೋಡುತ್ತಾರೆ, ಯಾವ ತಾರೀಖಿಗೆ ಬರೆಯುತ್ತಾರೆ ಎಂದು ರೈಟರನ್ನೇ ಕೇಳಿ.

ಎರಡನೆಯದು, ನೀವೇ ಅಳೆಯಿರಿ. ಬಾಯಿಯ ಒಳವ್ಯಾಸ 20 ಸೆಂ.ಮೀ. ಇರುವ ಆಳವಾದ ಆಲಿಕೆ, ಕೆಳಗೆ 5 ಲೀಟರ್ ಕ್ಯಾನ್. ಬಾಯಿಯ ವಿಸ್ತೀರ್ಣ 314 ಚ.ಸೆಂ.ಮೀ., ಆದ್ದರಿಂದ 31.4 ಮಿ.ಲೀ. ನೀರಿಗೆ 1 ಮಿ.ಮೀ. ಮಳೆ. ಎರಡು ಲೀಟರ್ ಬಾಟಲಿ ನಮ್ಮ ಮಳೆಗಾಲಕ್ಕೆ ಸಾಲದು, ಎರಡೂವರೆ ಇಂಚಿಗೇ ತುಂಬುತ್ತದೆ; 5 ಲೀಟರ್‌ಗೆ ಸುಮಾರು ಆರು ಇಂಚು ಹಿಡಿಯುತ್ತದೆ. ವ್ಯಾಸವನ್ನು ಎರಡು ಕಡೆ ಅಳೆಯಿರಿ. 19 ಇದ್ದದ್ದನ್ನು 20 ಎಂದುಕೊಂಡರೆ ವಿಸ್ತೀರ್ಣ ಶೇ. 10ರಷ್ಟು ತಪ್ಪುತ್ತದೆ, ವ್ಯಾಸದ ವರ್ಗ ಲೆಕ್ಕಕ್ಕೆ ಬರುವುದರಿಂದ. ಆಲಿಕೆ ಆಳವಿಲ್ಲದಿದ್ದರೆ ಹನಿ ಹೊರಗೆ ಚಿಮ್ಮುತ್ತದೆ. ಬಾಯಿ ನೆಲದಿಂದ 30 ಸೆಂ.ಮೀ. ಎತ್ತರದಲ್ಲಿ ಮಟ್ಟವಾಗಿರಲಿ, ಮರದ ಎತ್ತರದ ಎರಡರಷ್ಟಾದರೂ ದೂರವಿರಲಿ: 15 ಮೀಟರ್ ಸಿಲ್ವರ್ ಓಕ್‌ಗೆ 30 ಮೀಟರ್. ಕಾಫಿ ಒಣಗಿಸುವ ಕಣದ ಅಂಚಿನ ಹುಲ್ಲು ಜಾಗ ಸಾಮಾನ್ಯವಾಗಿ ಸರಿಹೋಗುತ್ತದೆ. ಅಳತೆ ಜಾಡಿಯನ್ನು ಕಣ್ಣಿನ ಮಟ್ಟಕ್ಕೆ ತಂದು ನೀರಿನ ಬಾಗಿದ ಮೇಲ್ಮೈಯ ತಳವನ್ನು ಓದಿ, ಮೊದಲು ಮಿ.ಲೀ. ಬರೆದು ಆಮೇಲೆ ಮಿ.ಮೀ. ಮಾಡಿ.

ಇದರ ಗ್ರಾಫನ್ನು ಕೈಯಲ್ಲೇ ಬಿಡಿಸಿ. ಸ್ಕೇಲ್ ನೀವೇ ಆರಿಸಬೇಕಾದಾಗ ಅಂಕಿಗಳ ಜೊತೆ ಪರಿಚಯ ಬೆಳೆಯುತ್ತದೆ.

ಕಾಲೇಜಿನಲ್ಲೂ ಇದೇ ಜಾತಿಯ ತಪ್ಪುಗಳು ಕಾದಿರುತ್ತವೆ. ಪಲ್ಪಿಂಗ್ (ಕಾಫಿ ಹಣ್ಣಿನ ಸಿಪ್ಪೆ ತೆಗೆಯುವ) ನೀರು ಸೇರುವ ತೋಡಿನ ಎರಡು ಮಾದರಿಗಳಲ್ಲಿ ಆಮ್ಲೀಯತೆಯ ಅಳತೆಯಾದ ಪಿಎಚ್ 5 ಮತ್ತು 7 ಬಂದರೆ, ಸಮ ಪಾಲು ಬೆರೆತ ನೀರಿನದು 6 ಎಂದು ಬರೆಯಬೇಡಿ. ಅದು ಲಾಗ್ ಅಳತೆ, ಒಂದು ಅಂಕ ಇಳಿದರೆ ಹೈಡ್ರೋಜನ್ ಅಯಾನು ಹತ್ತು ಪಟ್ಟಾಗುತ್ತದೆ. ಹೈಡ್ರೋಜನ್ ಅಯಾನಿನ ಸರಾಸರಿ ತೆಗೆದು ಮತ್ತೆ ಪಿಎಚ್‌ಗೆ ತಿರುಗಿಸಿದರೆ 5.3, ಅದೂ ಆಮ್ಲವನ್ನು ತಟಸ್ಥಗೊಳಿಸುವ ಲವಣಗಳು ನೀರಿನಲ್ಲಿ ಇಲ್ಲದಿದ್ದರೆ. ನೈಟ್ರೇಟ್ 10 ಎಂದು ಕಂಡರೆ ಯಾವ ಲೆಕ್ಕದಲ್ಲಿ ಎಂದು ಕೇಳಿ. ಸಾರಜನಕವಾಗಿ ಲೀಟರ್‌ಗೆ 10 ಮಿ.ಗ್ರಾಂ. ಎಂದರೆ ನೈಟ್ರೇಟ್ ಆಗಿ ಸುಮಾರು 44, ಕುಡಿಯುವ ನೀರಿಗೆ ಭಾರತೀಯ ಮಾನಕದ ಮಿತಿಯಾದ 45ರ ಅಂಚಿಗೇ ಬಂದಂತೆ.

ಜಿಐಎಸ್ ಎರಡನೇ ವರ್ಷ ಕಲಿಯಿರಿ, ಅದರ ಸಾಫ್ಟ್‌ವೇರ್ ಕ್ಯೂಜಿಐಎಸ್ ಉಚಿತವಾಗಿಯೇ ಸಿಗುತ್ತದೆ; ತಪ್ಪು ಅಂಕಿಯನ್ನು ನಕ್ಷೆಗೆ ಹಾಕಿದರೆ ತಪ್ಪು ನಕ್ಷೆ ಬರುತ್ತದೆ, ಅಷ್ಟೆ. ಇಂಗ್ಲಿಷ್ ಪದಗಳು ಓದುತ್ತಾ ಬರುತ್ತವೆ. ಮಾಡಿದ ಕೆಲಸವನ್ನು ಮೊದಲು ಕನ್ನಡದಲ್ಲಿ ಬರೆದು ನೋಡಿ: ಏನು ಅಳೆದೆ, ಯಾವುದರಿಂದ, ಎಷ್ಟು ಹೊತ್ತಿಗೆ, ಯಾವ ಏಕಮಾನದಲ್ಲಿ. ಪಕ್ಕದ ಮನೆಯವರು ಅದನ್ನು ಓದಿ ನಿಮ್ಮ ಗೇಜನ್ನು ನೀವಿಲ್ಲದಾಗ ನೋಡಿ ಸರಿಯಾಗಿ ಬರೆಯುವಂತಿರಬೇಕು. ಒಂದು ದಿನ ಅವರ ಕೈಯಲ್ಲೇ ಬರೆಸಿ, ಎಂಟು ಸೆಂಟನ್ನು ಹೇಗೆ ಬರೆಯುತ್ತಾರೆಂದು ನೋಡಿ.