ಪಾಠ ಓದಿ ಹೇಳಮ್ಮ ಅಂದ ಮಗ

ಹದಿನೈದು ವರ್ಷದ ಹುಡುಗನ ತಾಯಿ ಬರೆದಿದ್ದಾರೆ. ಹೆಸರು ಹಾಕಬೇಡಿ ಅಂದಿದ್ದಾರೆ. ಹುಡುಗನಿಗೆ ಫುಟ್‌ಬಾಲ್ ಅಂದರೆ ಪ್ರಾಣ. ಐದು ತಿಂಗಳಲ್ಲಿ ಮೂರು ಸಲ ತಲೆಗೆ ಪೆಟ್ಟು ಬಿದ್ದಿದೆ. ಒಮ್ಮೆ ಇನ್ನೊಬ್ಬನ ತಲೆ, ಒಮ್ಮೆ ಗೋಲ್ ಕಂಬ, ಹೋದ ತಿಂಗಳು ಎದುರಾಳಿಯ ಮೊಣಕೈ. ಮೂರನೇ ಸಲ ಡಾಕ್ಟರ ಹತ್ತಿರ ಹೋದರು. ಸಿಟಿ ಸ್ಕ್ಯಾನ್ ನಾರ್ಮಲ್ ಬಂತು. ಹಿಂದಿನ ಎರಡು ಪೆಟ್ಟಿನ ಸುದ್ದಿ ಅಲ್ಲಿ ಯಾರೂ ಎತ್ತಲಿಲ್ಲ. ಎತ್ತಿದರೆ ಆಟ ನಿಲ್ಲಿಸಿಬಿಡುತ್ತಾರೆ, ಮೂರು ವಾರಕ್ಕೆ ಸೆಲೆಕ್ಷನ್ ಇದೆ ಅಂತ ಹುಡುಗನ ಸೋದರಮಾವ ತಡೆದರಂತೆ. ಕೋಚ್‌ಗೆ ಹೇಳಿದರೆ ಮಾತು ಬಿಡುತ್ತೇನೆ ಅಂತ ಮಗ ಬೇರೆ ಹೆದರಿಸಿದ್ದಾನೆ. ಹೇಳಲಾ, ಬೇಡವಾ ಅನ್ನುವುದು ಇವರ ಪ್ರಶ್ನೆ.

ಅದಕ್ಕೆ ಆಮೇಲೆ ಬರುತ್ತೇನೆ. ಪತ್ರದ ಕೊನೆಗೆ ನೀವು ಸುಮ್ನೆ ಒಂದು ಮಾತು ಸೇರಿಸಿದ್ದೀರಿ. 'ಒಂದು ಒಳ್ಳೆಯದೂ ಆಗಿದೆ. ಈಗ ಸಂಜೆ ಬಂದು ಪಕ್ಕದಲ್ಲಿ ಮಲಗುತ್ತಾನೆ. ಕಣ್ಣಿನ ಮೇಲೆ ಕೈ ಇಟ್ಟುಕೊಂಡು, ಪಾಠ ಓದಿ ಹೇಳಮ್ಮ ಅಂತಾನೆ. ಕೆಲವು ಸಲ ಒಂದೇ ಪ್ಯಾರಾ ಎರಡೆರಡು ಸಲ ಓದಿಸುತ್ತಾನೆ. ಚಿಕ್ಕವನಿದ್ದಾಗಿನ ಹಾಗೆ.'

ಅವನಿಗೆ ಓದಲು ಆಗುತ್ತಿಲ್ಲ, ತಾಯಿ. ಅಕ್ಷರ ಅಲುಗಾಡುತ್ತಿರಬಹುದು, ಬೆಳಕು ಕಣ್ಣಿಗೆ ಚುಚ್ಚುತ್ತಿರಬಹುದು. ಕೇಳಿದ್ದು ತಲೆಯಲ್ಲಿ ನಿಲ್ಲುತ್ತಿಲ್ಲ ಅನ್ನುವುದಕ್ಕೆ ಆ ಎರಡನೇ ಸಲದ ಓದು ಇದೆಯಲ್ಲ. ಪಾಪ, ತಲೆನೋವು ಅಂತ ಬಾಯಿ ಬಿಟ್ಟರೆ ಆಟ ಹೋಗುತ್ತದೆ ಅಂತ ಮುದ್ದಿನ ವೇಷ ಹಾಕಿದ್ದಾನೆ. ನಿಮಗೂ ಆ ಮುದ್ದು ಬೇಕಿತ್ತು, ಅಲ್ವಾ?

ಈ ಅಂಕಣದಲ್ಲಿ ಎಷ್ಟೋ ಸಲ ಬರೆದಿದ್ದೇನೆ, ಇನ್ನೊಂದು ಸಲ ಬರೆಯುತ್ತೇನೆ: ರಿಪೋರ್ಟ್ ನೋಡುವ ಮುಂಚೆ ಮನುಷ್ಯನನ್ನು ನೋಡಿ. ಸಿಟಿ ಸ್ಕ್ಯಾನ್ ಸುಳ್ಳು ಹೇಳಿಲ್ಲ. ರಕ್ತ ಸೋರಿದೆಯಾ, ಬುರುಡೆ ಬಿರುಕು ಬಿಟ್ಟಿದೆಯಾ ಅಂತ ನೋಡುವುದು ಅದರ ಕೆಲಸ. ನಿಮ್ಮ ಮಗನಿಗೆ ಆಗಿರುವಂತೆ ಕಾಣುವುದು ಕನ್ಕಷನ್, ಅಂದರೆ ಪೆಟ್ಟಿಗೆ ಮೆದುಳು ಕುಲುಕಿ, ಅದರ ಕೆಲಸ ಹದ ತಪ್ಪುವುದು. ಮನೆಯ ಫೋಟೋ ತೆಗೆದರೆ ಗೋಡೆಯ ಬಿರುಕು ಕಾಣಬಹುದು, ಒಳಗೆ ಕರೆಂಟ್ ಇದೆಯಾ ಅಂತ ಕಾಣುತ್ತದಾ? ಪ್ರಜ್ಞೆ ತಪ್ಪಿರಲಿಲ್ಲ ಅಂತಲೂ ಸಮಾಧಾನ ಮಾಡಿಕೊಂಡಿದ್ದೀರಿ. ಕನ್ಕಷನ್ ಆದವರಲ್ಲಿ ಜಾಸ್ತಿ ಜನರಿಗೆ ಪ್ರಜ್ಞೆ ತಪ್ಪುವುದೇ ಇಲ್ಲ.

ಹಾಗಾಗಿ ಡಾಕ್ಟರು ಇದನ್ನು ಹಿಡಿಯುವುದು ಕೇಳಿ, ನೋಡಿ, ಮಾಡಿಸಿ. ತಿಂಗಳುಗಳನ್ನು ಹಿಂದಿನಿಂದ ಹೇಳಿಸುತ್ತಾರೆ. ಹತ್ತು ಪದ ಹೇಳಿ, ಸ್ವಲ್ಪ ಹೊತ್ತು ಬಿಟ್ಟು ಕೇಳುತ್ತಾರೆ. ಒಂದು ಪಾದದ ಹಿಂದೆ ಇನ್ನೊಂದು ಪಾದ ಇಟ್ಟು ನಿಲ್ಲಿಸುತ್ತಾರೆ. ಬೆರಳು ಆಡಿಸಿ ಕಣ್ಣು ಹೇಗೆ ಓಡುತ್ತದೆ ನೋಡುತ್ತಾರೆ. ಎಲ್ಲಕ್ಕಿಂತ ಮುಖ್ಯವಾಗಿ, ಹಿಂದೆ ಎಷ್ಟು ಸಲ ಪೆಟ್ಟು ಬಿದ್ದಿತ್ತು, ಸುಧಾರಿಸಲು ಪ್ರತಿ ಸಲ ಎಷ್ಟು ದಿನ ಹಿಡಿಯಿತು ಅಂತ ಕೇಳುತ್ತಾರೆ. ಆ ಪ್ರಶ್ನೆಗೇ ನಿಮ್ಮ ಅಣ್ಣ ಬೀಗ ಹಾಕಿದರು. ಕೋಚ್ ಮೇಲೆ ನೀವು ಅರ್ಧ ಪುಟ ಸಿಟ್ಟು ಮಾಡಿಕೊಂಡಿದ್ದೀರಿ, ಆದರೆ ಅವರಿಗೆ ಗೊತ್ತೇ ಇರಲಿಲ್ಲ. ಎಲ್ಲ ಗೊತ್ತಿದ್ದವರು ಈ ಮಾವ. 'ನಮಗೆ ಬಿದ್ದ ಪೆಟ್ಟಿಗೆ ಲೆಕ್ಕ ಇಲ್ಲ, ನಾವು ಚೆನ್ನಾಗಿಲ್ವಾ' ಅನ್ನುವವರು ಪ್ರತಿ ಮನೆಯಲ್ಲೂ ಒಬ್ಬರಿರುತ್ತಾರೆ. ಪೆಟ್ಟಿಗೆ ಲೆಕ್ಕ ಇಡದೇ ಇರುವುದೇ ಇಲ್ಲಿನ ತೊಂದರೆ.

ಹಳೆಯ ಪೆಟ್ಟು ಆರುವ ಮುಂಚೆ ಇನ್ನೊಂದು ಬಿದ್ದರೆ ಸುಧಾರಿಸಲು ಜಾಸ್ತಿ ದಿನ ಬೇಕು. ಅಪರೂಪಕ್ಕೆ ಮೆದುಳು ಏಕಾಏಕಿ ಊದಿಕೊಂಡು ಜೀವಕ್ಕೇ ಕುತ್ತು ಬರುತ್ತದೆ. ಹಾಗಾದದ್ದು ಹೆಚ್ಚಾಗಿ ಹದಿಹರೆಯದವರಲ್ಲೇ. ಮುಂದೆ ಮರೆವಿನ ಕಾಯಿಲೆ ಬರುತ್ತದಾ ಅಂತ ಅಂತರ್ಜಾಲದಲ್ಲಿ ಓದಿ ರಾತ್ರಿಯೆಲ್ಲ ಎದ್ದಿರುತ್ತೀರಂತೆ. ನೀವು ಓದಿರುವ ಸಿಟಿಇ, ಅಂದರೆ ತಲೆಗೆ ಪದೇ ಪದೇ ಪೆಟ್ಟು ಬಿದ್ದವರಲ್ಲಿ ವರ್ಷಗಳ ಮೇಲೆ ಕಾಣುವ ಮೆದುಳಿನ ಕಾಯಿಲೆ, ಖಚಿತವಾಗುವುದು ಸತ್ತ ಮೇಲೆ ಮೆದುಳನ್ನು ಪರೀಕ್ಷಿಸಿದಾಗ ಮಾತ್ರ. ಅದನ್ನು ಬದಿಗಿಡಿ. ಈ ವಯಸ್ಸಿನ ಬಹಳಷ್ಟು ಮಕ್ಕಳು ಸರಿಯಾಗಿ ನೋಡಿಕೊಂಡರೆ ನಾಲ್ಕು ವಾರದೊಳಗೆ ಸುಧಾರಿಸುತ್ತಾರೆ. ನಿಮ್ಮ ಮಗನನ್ನು ನೋಡಿಕೊಂಡೇ ಇಲ್ಲ.

ಮಾಡಬೇಕಾದ್ದು ಒಂದೇ. ಒಂದು ಹಾಳೆ ತೆಗೆದುಕೊಂಡು ಮೂರೂ ಪೆಟ್ಟಿನ ತಾರೀಖು, ಎಲ್ಲಿ ಬಿತ್ತು, ಆಮೇಲೆ ಎಷ್ಟು ದಿನ ಹೇಗಿದ್ದ, ಎಲ್ಲ ಬರೆಯಿರಿ. ನಾಳೆಯೇ ಆ ಹಾಳೆ, ಆ ಹುಡುಗ, ಇಬ್ಬರನ್ನೂ ಡಾಕ್ಟರ ಮುಂದೆ ಕೂರಿಸಿ. ಅಣ್ಣ ಮನೆಯಲ್ಲಿರಲಿ. ಅದೇ ಹಾಳೆಯ ನಕಲು ಕೋಚ್‌ಗೂ ಹೋಗಲಿ. ಡಾಕ್ಟರು ಆಗಬಹುದು ಅನ್ನುವವರೆಗೆ ಚೆಂಡು ಮುಟ್ಟುವಂತಿಲ್ಲ. ಅಂದ ಮೇಲೂ ಮೊದಲು ನಡಿಗೆ, ಆಮೇಲೆ ಓಟ, ಆಮೇಲೆ ಒಬ್ಬನೇ ಅಭ್ಯಾಸ, ಹೀಗೆ ಮೆಟ್ಟಿಲು ಮೆಟ್ಟಿಲಾಗಿ, ಒಂದೊಂದಕ್ಕೆ ಕನಿಷ್ಠ 24 ಗಂಟೆ. ಸೆಲೆಕ್ಷನ್ ತಪ್ಪಿದರೆ ತಪ್ಪಲಿ. ನಡುವೆ ತಲೆನೋವು ಏರುತ್ತಾ ಹೋದರೆ, ಮೇಲಿಂದ ಮೇಲೆ ವಾಂತಿಯಾದರೆ, ಫಿಟ್ಸ್ ಬಂದರೆ, ಎಬ್ಬಿಸಿದರೂ ಏಳದಿದ್ದರೆ ನಾಳೆಗೆ ಕಾಯಬೇಡಿ, ಆ ಕ್ಷಣವೇ ಎಮರ್ಜೆನ್ಸಿಗೆ ಓಡಿ.

ಮಗ ಮಾತು ಬಿಡುತ್ತಾನೆ ಅಂದಿರಿ. ಬಿಡಲಿ. ಸಂಜೆ ಪಕ್ಕದಲ್ಲಿ ಬಂದು ಮಲಗಿದರೆ ಪಾಠ ಓದಿ ಹೇಳಿ. ಯಾವ ಪ್ಯಾರಾ ಎಷ್ಟು ಸಲ ಓದಿಸಿದ ಅಂತ ಆ ಹಾಳೆಯಲ್ಲೇ ಕೆಳಗೆ ಬರೆದಿಡಿ, ಡಾಕ್ಟರು ಕೇಳುತ್ತಾರೆ.