ಫ್ಯುಯೆಲ್ ಸೆಲ್ ಕ್ಯಾಟಲಿಸ್ಟ್‌ಗೆ ಹೆಚ್ಚು ರಂಧ್ರಗಳಿರುವ ಕಾರ್ಬನ್ನೇ ಒಳ್ಳೆಯದೇ?

ಹಾಗೇನಿಲ್ಲ. ಒಟ್ಟು ಮೇಲ್ಮೈಗಿಂತ ರಂಧ್ರದ ಬಾಯಿ ಎಷ್ಟು ಅಗಲ ಎನ್ನುವುದೇ ಮುಖ್ಯ.

ಪಿಇಎಂ ಸೆಲ್‌ನಲ್ಲಿ (ಪ್ರೋಟಾನ್ ಸಾಗಿಸುವ ಪೊರೆಯಿರುವ ಹೈಡ್ರೋಜನ್ ಫ್ಯುಯೆಲ್ ಸೆಲ್) ಕ್ಯಾಟಲಿಸ್ಟ್ ಆದ ಪ್ಲಾಟಿನಂ 2–5 ನ್ಯಾನೋಮೀಟರ್ ಕಣಗಳಾಗಿ ಕಾರ್ಬನ್ ಮೇಲೆ ಕೂತಿರುತ್ತದೆ. ವಲ್ಕನ್ ಎಕ್ಸ್‌ಸಿ-72 ಎಂಬ ಕಾರ್ಬನ್ ಪುಡಿಯಲ್ಲಿ ಗ್ರಾಂಗೆ ಸುಮಾರು 250 ಚದರ ಮೀಟರ್ ಮೇಲ್ಮೈ. ಕಣಗಳು ಬಹುತೇಕ ಹೊರಮೈಯಲ್ಲೇ ಉಳಿಯುತ್ತವೆ. ಹೆಚ್ಚು ರಂಧ್ರಗಳಿರುವ ಕೆಟ್ಜೆನ್‌ಬ್ಲಾಕ್ ಇಸಿ-300ಜೆ ಕಾರ್ಬನ್‌ನಲ್ಲಿ ಸುಮಾರು 800. ಬಹಳಷ್ಟು ಕಣಗಳು ರಂಧ್ರದೊಳಗೇ ಸೇರುತ್ತವೆ. ಅದರಿಂದ ದೊಡ್ಡ ಲಾಭವಿದೆ. ನಾಫಿಯಾನ್‌ನಂಥ ಅಯಾನೋಮರ್ (ಪ್ರೋಟಾನ್ ಸಾಗಿಸುವ ಪಾಲಿಮರ್) ಅಷ್ಟು ಸಣ್ಣ ರಂಧ್ರಕ್ಕೆ ನುಗ್ಗಲಾರದು, ಹಾಗಾಗಿ ಅದರ ಸಲ್ಫೋನೇಟ್ ಗುಂಪುಗಳು ಪ್ಲಾಟಿನಂಗೆ ಅಂಟಿ ಚಟುವಟಿಕೆ ಕುಗ್ಗಿಸುವುದಿಲ್ಲ. ಪ್ರೋಟಾನ್‌ಗಳು ಒಳಗಿನ ನೀರಿನ ಮೂಲಕ ತಲುಪುತ್ತವೆ. ಆದರೆ ಬಾಯಿ ತೀರಾ ಕಿರಿದಾಗಿದ್ದರೆ, ಹೆಚ್ಚು ಕರೆಂಟ್ ಎಳೆದಾಗ ಆಮ್ಲಜನಕ ಸಾಲದೆ ವೋಲ್ಟೇಜ್ ಕುಸಿಯುತ್ತದೆ. ಬಾಯಿ 4–7 ನ್ಯಾನೋಮೀಟರ್ ತೆರೆದಿರುವ ಮೀಸೋಪೋರಸ್ (ಮಧ್ಯಮ ಗಾತ್ರದ ರಂಧ್ರಗಳಿರುವ) ಕಾರ್ಬನ್ನೇ ನನ್ನ ಆಯ್ಕೆ. 2020ರ ಎರಡನೇ ತಲೆಮಾರಿನ ಟೊಯೋಟಾ ಮಿರಾಯ್‌ನಲ್ಲೂ ಮೀಸೋಪೋರಸ್ ಕಾರ್ಬನ್ನೇ ಇದೆ.

ಬಾಳಿಕೆಯನ್ನೂ ನೋಡಿ. ಸ್ಟಾರ್ಟ್ ಮಾಡುವಾಗ ಆನೋಡ್ (ಹೈಡ್ರೋಜನ್ ಬರುವ ಬದಿ) ಕಡೆ ಹೈಡ್ರೋಜನ್ ಜೊತೆ ಗಾಳಿಯೂ ಉಳಿದಿದ್ದರೆ ಕ್ಯಾಥೋಡ್ (ಗಾಳಿ ಬರುವ ಬದಿ) ಸುಮಾರು 1.5 ವೋಲ್ಟ್‌ವರೆಗೆ ಏರಬಹುದು. ಆಗ ಕಾರ್ಬನ್ ನೀರಿನೊಡನೆ ವರ್ತಿಸಿ ಕಾರ್ಬನ್ ಡೈಆಕ್ಸೈಡ್ ಆಗಿ ಹೊರಟುಹೋಗುತ್ತದೆ. ಪದರ ಕುಸಿದು ರಂಧ್ರಗಳು ಮುಚ್ಚುತ್ತವೆ, ನೀರು ಕಟ್ಟಿಕೊಳ್ಳುತ್ತದೆ. ಗ್ರಾಫಿಟೈಸ್ಡ್ (ಬಿಸಿಮಾಡಿ ಗ್ರಾಫೈಟ್‌ನಂತೆ ಮಾಡಿದ) ಕಾರ್ಬನ್ ಇದನ್ನು ಚೆನ್ನಾಗಿ ತಡೆಯುತ್ತದೆ, ಆದರೆ ಮೇಲ್ಮೈ ಕಡಿಮೆಯಾದ್ದರಿಂದ ಪ್ಲಾಟಿನಂ ಸಮವಾಗಿ ಹರಡುವುದು ಕಷ್ಟ.

ಇಂಕ್ (ಪದರವಾಗಿ ಬಳಿಯುವ ಕ್ಯಾಟಲಿಸ್ಟ್ ದ್ರವ) ಮಾಡುವಾಗ ಅಯಾನೋಮರ್ ಮತ್ತು ಕಾರ್ಬನ್ ತೂಕದ ಅನುಪಾತ 0.7–1ರಿಂದ ಶುರುಮಾಡಿ. ಒಣ ಕ್ಯಾಟಲಿಸ್ಟ್ ಪುಡಿಯನ್ನು ಮೊದಲು ನೀರಿನಲ್ಲಿ ಪೂರ್ತಿ ನೆನೆಸಿ, ಆಮೇಲಷ್ಟೇ ಐಸೋಪ್ರೊಪೈಲ್ ಆಲ್ಕೋಹಾಲ್ ಹಾಕಿ. ಒಣ ಪುಡಿಗೆ ನೇರವಾಗಿ ಆಲ್ಕೋಹಾಲ್ ಸುರಿದರೆ ಬೆಂಕಿ ಹತ್ತಿಕೊಳ್ಳಬಹುದು.