ಬದಲಾದ ಪೂಜಾಪಠ್ಯಕ್ಕೆ ಜನರನ್ನು ಸಿದ್ಧಗೊಳಿಸಿದ ಬಗೆ

ಪ್ರಶ್ನೆ: ಅಮೆರಿಕದ ಕಥೋಲಿಕ ಧರ್ಮಕೇಂದ್ರಗಳಲ್ಲಿ 2011ರಲ್ಲಿ ಬಲಿಪೂಜೆಯ (ಚರ್ಚಿನ ಮುಖ್ಯ ಆರಾಧನೆಯಾದ ‘ಮಾಸ್’) ಇಂಗ್ಲಿಷ್ ಪಠ್ಯ ಬದಲಾದಾಗ, ಹಳೆಯದನ್ನು ಬಾಯಿಪಾಠ ಮಾಡಿಕೊಂಡಿದ್ದ ಭಕ್ತರನ್ನು ಹೇಗೆ ಸಿದ್ಧಗೊಳಿಸಿದರು?

ಉತ್ತರ: ಪರಿಷ್ಕೃತ ಪಠ್ಯವು ಅಲ್ಲಿ 2011ರ ನವೆಂಬರ್ 27ರಂದು, ಅಂದರೆ ಕ್ರಿಸ್‌ಮಸ್‌ಗೆ ಸಿದ್ಧರಾಗುವ ಆಗಮನ ಕಾಲದ ಮೊದಲ ಭಾನುವಾರದಂದು ಕಡ್ಡಾಯವಾಯಿತಾದರೂ, ಮಹಿಮಾಗೀತೆಯಂತಹ (ಗ್ಲೋರಿಯಾ) ಹಾಡುವ ಭಾಗಗಳನ್ನು ಆಯಾ ಧರ್ಮಾಧ್ಯಕ್ಷರ (ಬಿಷಪ್) ಅನುಮತಿಯೊಂದಿಗೆ ಸೆಪ್ಟೆಂಬರ್‌ನಿಂದಲೇ ಬಳಸಲು ಅವಕಾಶವಿತ್ತು. ರಾಗದೊಂದಿಗೆ ಬಂದ ಮಾತು ಬೇಗ ನಾಲಿಗೆಗೆ ಹತ್ತುವುದರಿಂದ, ಇಡೀ ಸಿದ್ಧತೆಯಲ್ಲಿ ಇದೇ ಜಾಣತನದ ಕ್ರಮವೆಂದು ನನಗನಿಸುತ್ತದೆ. ಬೆಂಚುಗಳಲ್ಲಿ ಇರಿಸಿದ ಕಾರ್ಡುಗಳಲ್ಲಿ ಗುರುಗಳ (ಪಾದ್ರಿಗಳ) ಮಾತಿಗೆ ಜನರು ಹೇಳಬೇಕಾದ ಉತ್ತರಗಳನ್ನು ಮುದ್ರಿಸಲಾಗಿತ್ತು. ನಂಬಿಕೆಯನ್ನು ಘೋಷಿಸುವ ವಿಶ್ವಾಸ ಪ್ರಮಾಣದಂತಹ ದೀರ್ಘ ಭಾಗಕ್ಕೆ ಎಲ್ಲರೂ ಕಾರ್ಡು ನೋಡುತ್ತಾರೆ. ಎಡವುವುದು, ನೋಡದೆಯೇ ಬಾಯಿಗೆ ಬಂದುಬಿಡುವ ಚಿಕ್ಕ ಉತ್ತರಗಳಲ್ಲಿ. ಗುರುಗಳ ಕಷ್ಟ ಬೇರೆಯೇ ಆಗಿತ್ತು: ಲತೀನ್ ಮೂಲಕ್ಕೆ ನಿಕಟವಾಗಿರಬೇಕೆಂಬ ವ್ಯಾಟಿಕನ್ನಿನ 2001ರ ನಿರ್ದೇಶನದಂತೆ ರೂಪುಗೊಂಡ ಪ್ರಾರ್ಥನೆಗಳ ವಾಕ್ಯಗಳು ಎಷ್ಟು ಉದ್ದವಾಗಿದ್ದವೆಂದರೆ, ಉಸಿರು ಎಲ್ಲಿ ತೆಗೆದುಕೊಳ್ಳಬೇಕೆಂಬುದನ್ನು ಮೊದಲೇ ಗಟ್ಟಿಯಾಗಿ ಓದಿ ಗುರುತಿಸಿಕೊಳ್ಳದೆ ಪೀಠದ ಮುಂದೆ ನಿಂತರೆ ಅರ್ಥವೇ ಕೈತಪ್ಪುತ್ತಿತ್ತು. ಬದಲಾವಣೆ ಏಕೆಂಬುದನ್ನು ಪ್ರಬೋಧನೆಯಲ್ಲಿ (ಪೂಜೆಯಲ್ಲಿ ಗುರುಗಳು ನೀಡುವ ಉಪದೇಶ) ಮುಂಚಿತವಾಗಿ ವಿವರಿಸದೆ ಕಾರ್ಡುಗಳನ್ನಷ್ಟೇ ಹಂಚಿದರೆ, ಜನರು ಓದುತ್ತಾರೆಯೇ ಹೊರತು ಒಪ್ಪುವುದಿಲ್ಲ.